ಟೆಕ್ಟ್ರಾನಿಕ್ಸ್ 465: ಉಪಕರಣ ದುರಸ್ತಿಯ ಮೇಜಿಗೆ ಇಂದಿಗೂ ಸಲ್ಲುವ ಆಸಿಲೋಸ್ಕೋಪ್

ವೈಜ್ಞಾನಿಕ ಉಪಕರಣಗಳನ್ನು ಕಟ್ಟುವ ಮತ್ತು ದುರಸ್ತಿ ಮಾಡುವ ಕೆಲಸವನ್ನೇ ವೃತ್ತಿಯಾಗಿ ಆರಿಸಿಕೊಂಡವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ವೋಲ್ಟೇಜು ಕಾಲದೊಂದಿಗೆ ಬದಲಾಗುವ ರೀತಿಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪುಗಳಲ್ಲಿ ಯಾವುದನ್ನು ಕೊಳ್ಳಬೇಕು ಎನ್ನುವುದು. ನನ್ನನ್ನು ಕೇಳಿದವರಿಗೆಲ್ಲ ನಾನು ಟೆಕ್ಟ್ರಾನಿಕ್ಸ್ ಕಂಪನಿಯ 465 ಮಾದರಿಯ ಹೆಸರು ಹೇಳುತ್ತೇನೆ. 1972ರಲ್ಲಿ ಮಾರುಕಟ್ಟೆಗೆ ಬಂದ ಈ ಅನಲಾಗ್ ಆಸಿಲೋಸ್ಕೋಪ್ ತಯಾರಿಕೆ ನಿಂತು ಬಹಳ ಕಾಲವಾಗಿದೆ. ಇಂದು ಸಿಗುವುದೆಲ್ಲ ಬಳಸಿದ ಉಪಕರಣವೇ. ಹಾಗಿದ್ದೂ ಇದನ್ನೇ ಸೂಚಿಸುವುದಕ್ಕೆ ಹಳೆಯದರ ಮೇಲಿನ ಮೋಹ ಕಾರಣವಲ್ಲ. ಒಳಗಿನ ಪ್ರತಿಯೊಂದು ಸರ್ಕ್ಯೂಟನ್ನೂ ಓದಿ, ಅಳೆದು, ಅರ್ಥ ಮಾಡಿಕೊಂಡು, ಕೆಟ್ಟರೆ ತಾನೇ ಸರಿಪಡಿಸಿಕೊಳ್ಳಬಹುದಾದ ಅಳತೆಯ ಉಪಕರಣವೊಂದು ಮೇಜಿನ ಮೇಲಿದ್ದರೆ, ಅದು ತೋರಿಸುವ ಗೆರೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಬಳಸುವವರಿಗೆ ಖಚಿತವಾಗಿ ತಿಳಿದಿರುತ್ತದೆ. ಈ ವೃತ್ತಿಯಲ್ಲಿ ಅದಕ್ಕಿಂತ ಮುಖ್ಯವಾದ ಅನುಕೂಲ ನನಗೆ ತಿಳಿದಂತೆ ಬೇರೊಂದಿಲ್ಲ.

ಮೊದಲು ಅದರ ಸಾಮರ್ಥ್ಯದ ವಿವರ. ಎರಡು ಚಾನೆಲ್, 100 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ (ತೋರಿಸಬಲ್ಲ ಆವರ್ತನದ ಮಿತಿ), ಅದಕ್ಕೆ ತಕ್ಕ 3.5 ನ್ಯಾನೊಸೆಕೆಂಡ್ ಏರುಕಾಲ (ಥಟ್ಟನೆ ಏರುವ ಸಿಗ್ನಲಿಗೆ ಗೆರೆ ಮೇಲೇರಲು ಬೇಕಾಗುವ ಸಮಯ). ಲಂಬ ಅಕ್ಷದ ಸೂಕ್ಷ್ಮತೆ ಒಂದು ಚೌಕಕ್ಕೆ 5 ಮಿಲಿವೋಲ್ಟ್‌ನಿಂದ 5 ವೋಲ್ಟ್‌ವರೆಗೆ; ಕಾಲದ ಅಕ್ಷ ಚೌಕಕ್ಕೆ 0.5 ಸೆಕೆಂಡಿನಿಂದ 0.05 ಮೈಕ್ರೊಸೆಕೆಂಡ್‌ವರೆಗೆ, ಹತ್ತು ಪಟ್ಟು ಹಿಗ್ಗಿಸುವ ಸ್ವಿಚ್ ಒತ್ತಿದರೆ 5 ನ್ಯಾನೊಸೆಕೆಂಡ್‌ವರೆಗೆ. ಪರದೆಯ ಅಳತೆ 8 ಸೆಂಟಿಮೀಟರ್ ಎತ್ತರ, 10 ಸೆಂಟಿಮೀಟರ್ ಅಗಲ. ಅಳತೆಯ ಚೌಕಗಳನ್ನು ಗಾಜಿನ ಒಳಮೈಯಲ್ಲೇ, ಕಿರಣ ಬೀಳುವ ಸಮತಲದಲ್ಲಿಯೇ ಗುರುತಿಸಿರುವುದರಿಂದ ಕಣ್ಣನ್ನು ಓರೆ ಮಾಡಿ ನೋಡಿದರೂ ಓದು ತಪ್ಪುವುದಿಲ್ಲ. ಹತ್ತು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಕದ ಇದನ್ನು ಹಿಡಿಕೆಯಿಂದ ಎತ್ತಿಕೊಂಡು ಕೆಟ್ಟ ಯಂತ್ರವಿರುವ ಕೋಣೆಗೇ ಒಯ್ಯಬಹುದು; ಅದೇ ಹಿಡಿಕೆಯನ್ನು ಕೆಳಗೆ ತಿರುಗಿಸಿದರೆ ಕಾಲಾಗಿ ನಿಲ್ಲುತ್ತದೆ.

ಉಪಕರಣ ದುರಸ್ತಿಯಲ್ಲಿ ಅತಿ ಹೆಚ್ಚು ಬಾರಿ ಮಾಡುವ ಅಳತೆ ಪವರ್ ಸಪ್ಲೈನದು. ಮೀಟರ್ ಇಟ್ಟು ನೋಡಿದಾಗ 15 ವೋಲ್ಟ್ ಸರಿಯಾಗಿಯೇ ಇದೆ ಎಂದು ತೋರಿಸುವ ಸಪ್ಲೈ, ಆಸಿಲೋಸ್ಕೋಪಿನಲ್ಲಿ ಬೇರೆಯೇ ಕಥೆ ಹೇಳುತ್ತದೆ. ಗೆರೆ ಯಾವ ಕ್ಷಣದಲ್ಲಿ ಆರಂಭವಾಗಬೇಕೆಂದು ತೀರ್ಮಾನಿಸುವ ಭಾಗವೇ ಟ್ರಿಗರ್; 465ರಲ್ಲಿ ಅದರ ಮೂಲವನ್ನು ಲೈನ್ ಸ್ಥಾನಕ್ಕೆ ತಿರುಗಿಸಿ, ಇನ್‌ಪುಟ್ಟನ್ನು ಸ್ಥಿರ ವೋಲ್ಟೇಜನ್ನು ತಡೆದು ಏರಿಳಿತವನ್ನಷ್ಟೇ ಬಿಡುವ ಎಸಿ ಕಪ್ಲಿಂಗ್‌ಗೆ ಹಾಕಿದರೆ, ಮನೆಯ ವಿದ್ಯುತ್ತಿನೊಂದಿಗೆ ಸಂಬಂಧವಿರುವ ಏರಿಳಿತವೆಲ್ಲ ಪರದೆಯ ಮೇಲೆ ನಿಶ್ಚಲವಾಗಿ ನಿಲ್ಲುತ್ತದೆ, ಸಂಬಂಧವಿಲ್ಲದ್ದು ಸರಿಯುತ್ತಲೇ ಇರುತ್ತದೆ. ಎಸಿಯನ್ನು ಡಿಸಿಯಾಗಿಸುವ ನಾಲ್ಕು ಡಯೋಡುಗಳ ಬ್ರಿಡ್ಜ್ ರೆಕ್ಟಿಫೈಯರ್ ಆರೋಗ್ಯವಾಗಿದ್ದರೆ 50 ಹರ್ಟ್ಸ್ ಪೂರೈಕೆಯಲ್ಲಿ 10 ಮಿಲಿಸೆಕೆಂಡಿಗೊಂದರಂತೆ ರಿಪಲ್ ಅಲೆ ಕಾಣಬೇಕು. ಅದು 20 ಮಿಲಿಸೆಕೆಂಡಿಗೊಂದಾಗಿದ್ದರೆ ನಾಲ್ಕರಲ್ಲಿ ಒಂದು ಡಯೋಡ್ ಕರೆಂಟು ಹರಿಯದಂತೆ ತೆರೆದುಕೊಂಡಿರುವ ಸಂಭವ ಹೆಚ್ಚು. ಅಲೆಗಳ ಅವಧಿ ಸರಿಯಿದ್ದು ಎತ್ತರ ಮಾತ್ರ ಹೆಚ್ಚಿದ್ದರೆ ಫಿಲ್ಟರ್ ಕೆಪ್ಯಾಸಿಟರ್ ಒಣಗಿದೆ ಎಂದು ಊಹಿಸಬಹುದು. ರೆಗ್ಯುಲೇಟರಿನ ನಂತರವೂ ಪ್ರತಿ ಅಲೆಯ ತಗ್ಗಿನಲ್ಲಿ ಸಣ್ಣ ಕಚ್ಚು ಕಾಣಿಸಿದರೆ, ಒಳಬರುವ ವೋಲ್ಟೇಜು ರೆಗ್ಯುಲೇಟರಿಗೆ ಬೇಕಾದ ಕನಿಷ್ಠ ಮಟ್ಟಕ್ಕಿಂತ ಕ್ಷಣಕಾಲ ಕೆಳಗಿಳಿಯುತ್ತಿದೆ. ಹೀಗೆ ಒಂದೇ ಚಿತ್ರದಿಂದ ಮೂರು ಬೇರೆ ಬೇರೆ ದೋಷಗಳನ್ನು ವಿಂಗಡಿಸಲು ಆಗುವುದು ಗೆರೆ ಅಲುಗದೆ ನಿಂತಾಗ ಮಾತ್ರ, ಮತ್ತು ಗೆರೆಯನ್ನು ನಿಲ್ಲಿಸುವುದರಲ್ಲಿ 465ಕ್ಕೆ ಸಾಟಿಯಾದ ಉಪಕರಣಗಳು ಹೆಚ್ಚಿಲ್ಲ. ಟ್ರಿಗರಿನಲ್ಲಿ ಹೆಚ್ಚು ಆವರ್ತನವನ್ನು ತಡೆಯುವ, ಕಡಿಮೆ ಆವರ್ತನವನ್ನು ತಡೆಯುವ ಆಯ್ಕೆಗಳಿವೆ. ಒಂದೇ ಸರಣಿಯಲ್ಲಿ ಹಲವು ಪಲ್ಸ್‌ಗಳು ಬರುವ ಕಡೆ ಮುಂದಿನ ಗೆರೆಗೆ ಮುನ್ನ ಕಾಯುವ ಅವಧಿಯನ್ನು ಬದಲಿಸುವ ಹೋಲ್ಡಾಫ್ ಗುಂಡಿಯನ್ನು ತುಸು ತಿರುಗಿಸಿದರೆ ಸಾಕು, ಮಸುಕಾಗಿ ಹೆಣೆದುಕೊಂಡಿದ್ದ ಗೆರೆಗಳು ಬಿಡಿಯಾಗುತ್ತವೆ.

ವಸ್ತುವೊಂದು ಎಷ್ಟು ಬೆಳಕನ್ನು ಹೀರುತ್ತದೆ ಎಂದು ಅಳೆಯುವ ಡಬಲ್ ಬೀಮ್ ಸ್ಪೆಕ್ಟ್ರೋಫೋಟೋಮೀಟರಿನ ಕೆಲಸದಲ್ಲಿ ಇದರ ಗುಣ ಇನ್ನೂ ಚೆನ್ನಾಗಿ ಕಾಣುತ್ತದೆ. ಅಂಥ ಯಂತ್ರದಲ್ಲಿ ತಿರುಗುವ ಕನ್ನಡಿಯೊಂದು ಬೆಳಕನ್ನು ಒಮ್ಮೆ ಮಾದರಿಯ (ಪರೀಕ್ಷಿಸುವ ವಸ್ತುವಿನ) ದಾರಿಗೆ, ಒಮ್ಮೆ ಹೋಲಿಕೆಗಿರುವ ರೆಫರೆನ್ಸ್ ದಾರಿಗೆ ಕಳುಹಿಸಿ, ನಡುವೆ ಕತ್ತಲೆಯ ಅವಧಿಯನ್ನೂ ಬಿಡುತ್ತದೆ. ಡಿಟೆಕ್ಟರಿನ ಮುಂಭಾಗದ ಆಂಪ್ಲಿಫೈಯರಿನ ಔಟ್‌ಪುಟ್ಟಿಗೆ ಪ್ರೋಬ್ (ಸಿಗ್ನಲನ್ನು ಆಸಿಲೋಸ್ಕೋಪಿಗೆ ತರುವ ಮೊನೆಯುಳ್ಳ ತಂತಿ) ಹಚ್ಚಿ, ಕನ್ನಡಿಯ ಸ್ಥಾನ ತಿಳಿಸುವ ಸೆನ್ಸರಿನಿಂದ ಹೊರಗಿನ ಟ್ರಿಗರ್ ಕೊಟ್ಟರೆ, ಈ ಮೂರೂ ಮಟ್ಟಗಳು ಮೆಟ್ಟಿಲುಗಳಂತೆ ಪರದೆಯ ಮೇಲೆ ನಿಲ್ಲುತ್ತವೆ. ಮಾದರಿಯ ಜಾಗ ಖಾಲಿಯಿರುವಾಗಲೂ ಎರಡು ಬೆಳಕಿನ ಮಟ್ಟಗಳಲ್ಲಿ ಒಂದು ಮಾತ್ರ ತಗ್ಗಿದ್ದರೆ ಆ ದಾರಿಯ ಕನ್ನಡಿ ಅಥವಾ ಮಸೂರ ಕೊಳೆಯಾಗಿದೆ, ಇಲ್ಲವೆ ಜಾಗ ತಪ್ಪಿದೆ. ಎರಡೂ ಒಟ್ಟಿಗೆ ಕುಗ್ಗಿದ್ದರೆ ದೀಪವನ್ನು ಶಂಕಿಸಬೇಕು. ರೆಫರೆನ್ಸ್ ಮಟ್ಟವನ್ನು ಸ್ಥಿರವಾಗಿಡಲು ಮಂದ ಬೆಳಕನ್ನೂ ಗುರುತಿಸುವ ಡಿಟೆಕ್ಟರ್ ಟ್ಯೂಬಾದ ಫೋಟೋಮಲ್ಟಿಪ್ಲಯರಿನ ವೋಲ್ಟೇಜನ್ನು ತಾನೇ ಏರಿಸಿಕೊಳ್ಳುವ ವಿನ್ಯಾಸಗಳಲ್ಲಿ ದೀಪದ ದೌರ್ಬಲ್ಯ ಮಟ್ಟದಲ್ಲಿ ಕಾಣುವುದಿಲ್ಲ; ಮೆಟ್ಟಿಲಿನ ಮೇಲ್ಮೈ ದಪ್ಪಗಾಗಿ, ನಾಯ್ಸ್ ರೂಪದಲ್ಲಿ ಕಾಣುತ್ತದೆ. ಕತ್ತಲೆಯ ಮಟ್ಟ ಸೊನ್ನೆಯಿಂದ ಮೇಲೆದ್ದಿದ್ದರೆ ಹೊರಗಿನ ಬೆಳಕು ಸೋರುತ್ತಿದೆಯೇ, ಆಂಪ್ಲಿಫೈಯರಿನ ಆಫ್‌ಸೆಟ್ ಸರಿದಿದೆಯೇ ಎಂಬುದನ್ನು ಡಿಟೆಕ್ಟರಿನ ಮೇಲೆ ಕಪ್ಪು ಬಟ್ಟೆ ಹೊದಿಸಿಯೇ ತೀರ್ಮಾನಿಸಬಹುದು.

ಈ ಹಂತದಲ್ಲಿ 465ರ ತಡವಾದ ಸ್ವೀಪ್ ನೆರವಿಗೆ ಬರುತ್ತದೆ; ಸ್ವೀಪ್ ಎಂದರೆ ಕಿರಣ ಪರದೆಯ ಎಡದಿಂದ ಬಲಕ್ಕೆ ಓಡಿ ಗೆರೆ ಎಳೆಯುವುದು. ಎ ಸ್ವೀಪ್ ಇಡೀ ಆವರ್ತನೆಯನ್ನು ತೋರಿಸುತ್ತಿರುವಾಗ, ಹತ್ತು ಸುತ್ತಿನ ಗುಂಡಿಯನ್ನು ತಿರುಗಿಸುತ್ತ ಗೆರೆಯ ಬೇಕಾದ ಭಾಗವನ್ನು ಮಾತ್ರ ಪ್ರಕಾಶಮಾನ ಮಾಡಿ, ಬಿ ಸ್ವೀಪಿಗೆ ಬದಲಾಯಿಸಿದರೆ ಆ ತುಣುಕು ಪರದೆಯ ಉದ್ದಕ್ಕೂ ಹರಡಿಕೊಳ್ಳುತ್ತದೆ. ಕನ್ನಡಿಯ ಅಂಚು ಕಿರಣವನ್ನು ದಾಟುವ ಕ್ಷಣವನ್ನು ಹೀಗೆ ಹಿಗ್ಗಿಸಿ ನೋಡಿದಾಗ, ಬೇರಿಂಗ್ ಸವೆದ ಮೋಟರಿನಲ್ಲಿ ಆ ಅಂಚು ಒಂದೇ ಜಾಗದಲ್ಲಿ ನಿಲ್ಲದೆ ಅತ್ತಿತ್ತ ನಡುಗುವುದು ಸ್ಪಷ್ಟವಾಗುತ್ತದೆ. ಕಿವಿಗೆ ಕೇಳುವ ಮೊದಲೇ ಬೇರಿಂಗಿನ ಸವೆತ ಪರದೆಯಲ್ಲಿ ಸಿಗುತ್ತದೆ ಎನ್ನುವುದು ಈ ಕೆಲಸ ಮಾಡುವವರಿಗೆ ಎಷ್ಟು ಉಪಯುಕ್ತ ಎಂದು ಬೇರೆ ಹೇಳಬೇಕಾಗಿಲ್ಲ.

ಫೋಟೋಮಲ್ಟಿಪ್ಲಯರಿನ ಬಿಡಿ ಪಲ್ಸ್‌ಗಳನ್ನು ನೋಡುವಾಗ ಉಪಕರಣದ ಮಿತಿಯೂ ಅರಿವಿಗೆ ಬರುತ್ತದೆ. ಪಲ್ಸಿನ ನಿಜವಾದ ಏರುಕಾಲ 5 ನ್ಯಾನೊಸೆಕೆಂಡ್ ಇದ್ದರೆ ಪರದೆಯ ಮೇಲೆ ಅದು ಸುಮಾರು 6.1 ಆಗಿ ಕಾಣುತ್ತದೆ, ಏಕೆಂದರೆ ಪಲ್ಸ್ ಮತ್ತು ಆಸಿಲೋಸ್ಕೋಪ್ ಇವೆರಡರ ಏರುಕಾಲಗಳ ವರ್ಗಗಳು ಕೂಡಿಕೊಳ್ಳುತ್ತವೆ. ಈ ಲೆಕ್ಕ ಗೊತ್ತಿದ್ದವರಿಗೆ ಅದು ತಿದ್ದಿಕೊಳ್ಳಬಹುದಾದ ವ್ಯತ್ಯಾಸ. 1 ನ್ಯಾನೊಸೆಕೆಂಡಿನ ಪಲ್ಸಿಗಾದರೆ ಈ ಉಪಕರಣ ತನ್ನದೇ ಏರುಕಾಲವನ್ನು ತೋರಿಸುತ್ತದೆಯೇ ಹೊರತು ಪಲ್ಸಿನದನ್ನಲ್ಲ. ಇನ್‌ಪುಟ್ 1 ಮೆಗಾಓಮ್ ಮಾತ್ರ ಆಗಿರುವುದರಿಂದ ಕೇಬಲಿನ ತುದಿಗೆ 50 ಓಮ್ ಟರ್ಮಿನೇಟರ್ ಹಾಕಲೇಬೇಕು. ಅದಿಲ್ಲದಿದ್ದರೆ ಪಲ್ಸಿನ ಹಿಂದೆ ಕಾಣುವ ಪ್ರತಿಫಲನಗಳನ್ನು ಡಿಟೆಕ್ಟರಿನ ದೋಷವೆಂದು ತಿಳಿದು ಒಳ್ಳೆಯ ಟ್ಯೂಬನ್ನು ತೆಗೆದುಹಾಕುವ ಅಪಾಯವಿದೆ.

ಹೊಸದಾಗಿ ಕಟ್ಟುವವರ ಮೇಜಿನಲ್ಲಿಯೂ ಇದಕ್ಕೆ ಕೈತುಂಬ ಕೆಲಸವಿದೆ. ಫೋಟೋಡಯೋಡಿನ ಕರೆಂಟನ್ನು ವೋಲ್ಟೇಜಾಗಿ ಬದಲಾಯಿಸುವ ಆಂಪ್ಲಿಫೈಯರ್ ಕಟ್ಟಿದಾಗ, ಕಾಗದದ ಮೇಲೆ ಸರಿಯಾಗಿದ್ದ ಸರ್ಕ್ಯೂಟು ಡಯೋಡಿನ ಕೆಪ್ಯಾಸಿಟೆನ್ಸಿನಿಂದ ಕಂಪಿಸತೊಡಗುವುದು ಸಾಮಾನ್ಯ. ಚೌಕ ತರಂಗದಿಂದ ಮಿನುಗುವ ಎಲ್‌ಇಡಿಯೊಂದನ್ನು ಡಯೋಡಿನ ಮುಂದೆ ಇಟ್ಟು ಔಟ್‌ಪುಟ್ಟನ್ನು ನೋಡಿದರೆ, ಏರಿಕೆಯ ನಂತರ ಗೆರೆ ಹಾರುವುದೂ ಅಲೆಯಾಡುವುದೂ ಕಾಣುತ್ತದೆ. ಫೀಡ್‌ಬ್ಯಾಕ್ ರೆಸಿಸ್ಟರಿನ ಮೇಲೆ ಒಂದೆರಡು ಪಿಕೊಫ್ಯಾರಡ್ ಕೆಪ್ಯಾಸಿಟರ್ ಸೇರಿಸಿದಾಗ ಆ ಅಲೆ ಶಮನವಾಗುತ್ತದೆ, ಜೊತೆಗೆ ವೇಗವೂ ಇಳಿಯುತ್ತದೆ: 10 ಮೆಗಾಓಮ್ ಜೊತೆ 1 ಪಿಕೊಫ್ಯಾರಡ್ ಎಂದರೆ ಬ್ಯಾಂಡ್‌ವಿಡ್ತ್ 16 ಕಿಲೋಹರ್ಟ್ಸ್‌ಗೆ ಸೀಮಿತ. ಎಷ್ಟು ಸಾಕು ಎಂಬುದನ್ನು ಗೆರೆಯನ್ನು ನೋಡುತ್ತಲೇ ನಿರ್ಧರಿಸುವಾಗ, ಅನಲಾಗ್ ಪರದೆ ಕೈಯ ಚಲನೆಗೆ ತಡವಿಲ್ಲದೆ ಸ್ಪಂದಿಸುವುದು ತುಂಬ ಹಿತವಾಗಿರುತ್ತದೆ. ಇಂಥ ತೀರ್ಮಾನಕ್ಕೆ ಮುನ್ನ ಉಪಕರಣವೇ ಮುಂಭಾಗದಲ್ಲಿ ಕೊಡುವ 1 ಕಿಲೋಹರ್ಟ್ಸ್, 300 ಮಿಲಿವೋಲ್ಟ್ ಕ್ಯಾಲಿಬ್ರೇಟರ್ ತರಂಗಕ್ಕೆ ಪ್ರೋಬನ್ನು ಹೊಂದಿಸಿಕೊಂಡಿರಬೇಕು. ಪ್ರೋಬೇ ಚೌಕ ತರಂಗದ ಮೂಲೆಯನ್ನು ಉಬ್ಬಿಸುತ್ತಿದ್ದರೆ ಆಂಪ್ಲಿಫೈಯರನ್ನು ದೂರುವುದರಲ್ಲಿ ನ್ಯಾಯವಿಲ್ಲ.

ಇದು ಅಳೆಯಲಾರದ ಜಾಗಗಳೂ ಇವೆ. ಪಿಎಚ್ ಮೀಟರಿನ ಗಾಜಿನ ಎಲೆಕ್ಟ್ರೋಡು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಪಿಎಚ್ ಘಟಕಕ್ಕೆ ಸುಮಾರು 59 ಮಿಲಿವೋಲ್ಟ್ ಕೊಡುತ್ತದಾದರೂ ಅದರ ಒಳ ಪ್ರತಿರೋಧ ಹತ್ತಾರು, ನೂರಾರು ಮೆಗಾಓಮ್‌ಗಳಲ್ಲಿರುತ್ತದೆ. ಅಲ್ಲಿಗೆ ಪ್ರೋಬ್ ಮುಟ್ಟಿಸಿದ ಕೂಡಲೇ ಸಿಗ್ನಲ್ ಕುಸಿಯುತ್ತದೆ. ಅಂಥಲ್ಲಿ ಮೊದಲ ಆಂಪ್ಲಿಫೈಯರ್ ದಾಟಿದ ಮೇಲೆಯೇ ನೋಡಬೇಕು. ಇನ್ನೊಂದು ಎಚ್ಚರಿಕೆ ಜೀವಕ್ಕೆ ಸಂಬಂಧಿಸಿದ್ದು. ಪ್ರೋಬಿನ ನೆಲದ ಕ್ಲಿಪ್ ಆಸಿಲೋಸ್ಕೋಪಿನ ಕವಚದ ಮೂಲಕ ನೇರವಾಗಿ ಭೂಮಿಗೆ ಜೋಡಣೆಯಾಗಿರುತ್ತದೆ. ಸ್ವಿಚಿಂಗ್ ಪವರ್ ಸಪ್ಲೈನ ಲೈನ್ ಕಡೆಯ ಯಾವುದೇ ಬಿಂದುವಿಗೆ ಆ ಕ್ಲಿಪ್ಪನ್ನು ಸಿಕ್ಕಿಸಿದರೆ ಶಾರ್ಟ್ ಆಗುತ್ತದೆ. ಇದನ್ನು ತಪ್ಪಿಸಲು ಆಸಿಲೋಸ್ಕೋಪಿನ ಅರ್ತ್ ಪಿನ್ ಕಿತ್ತುಹಾಕುವ ಕೆಟ್ಟ ರೂಢಿಯೊಂದು ಕೆಲವೆಡೆ ಇದೆ. ಹಾಗೆ ಮಾಡಿದರೆ ಉಪಕರಣದ ಲೋಹದ ಮೈಯೇ ಅಪಾಯದ ವೋಲ್ಟೇಜಿಗೆ ಏರುತ್ತದೆ. ಯಾರೂ ಹಾಗೆ ಮಾಡಬಾರದು. ಪರೀಕ್ಷಿಸುತ್ತಿರುವ ಯಂತ್ರವನ್ನು ಐಸೊಲೇಶನ್ ಟ್ರಾನ್ಸ್‌ಫಾರ್ಮರಿಗೆ ಜೋಡಿಸಬಹುದು, ಅಥವಾ ಎರಡು ಪ್ರೋಬ್ ಬಳಸಿ, ಎರಡನೆಯ ಚಾನೆಲನ್ನು ತಲೆಕೆಳಗು ಮಾಡಿ, ಎರಡನ್ನೂ ಕೂಡಿಸುವ ಸ್ಥಾನಕ್ಕೆ ಸ್ವಿಚ್ ಹಾಕಿ ವ್ಯತ್ಯಾಸವನ್ನಷ್ಟೇ ನೋಡಬಹುದು. ಅದಕ್ಕೆ ಬೇಕಾದ ಎರಡೂ ಸ್ವಿಚ್‌ಗಳು 465ರ ಮುಖಭಾಗದಲ್ಲಿಯೇ ಇವೆ.

ಈ ಉಪಕರಣದ ಜೊತೆಗೆ ಬರುತ್ತಿದ್ದ ಸರ್ವೀಸ್ ಮ್ಯಾನ್ಯುಯಲ್ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ನನ್ನ ಶಿಫಾರಸಿನಲ್ಲಿ ಅರ್ಧ ಪಾಲು ಅದಕ್ಕೇ ಸಲ್ಲುತ್ತದೆ. ಬ್ಲಾಕ್ ಚಿತ್ರದಿಂದ ಆರಂಭಿಸಿ, ಪ್ರತಿಯೊಂದು ಹಂತದ ಟ್ರಾನ್ಸಿಸ್ಟರ್ ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದನ್ನು ಅದು ಪೂರ್ಣ ವಾಕ್ಯಗಳಲ್ಲಿ ವಿವರಿಸುತ್ತದೆ. ನಂತರ ಸಂಪೂರ್ಣ ಸರ್ಕ್ಯೂಟ್ ನಕ್ಷೆಗಳು, ನಕ್ಷೆಯ ಬಿಂದುಗಳಲ್ಲಿ ಇರಬೇಕಾದ ವೋಲ್ಟೇಜು ಮತ್ತು ತರಂಗದ ಆಕಾರ, ಬೋರ್ಡಿನ ಮೇಲೆ ಬಿಡಿಭಾಗ ಎಲ್ಲಿದೆ ಎಂಬ ಚಿತ್ರ, ದೋಷ ಹುಡುಕುವ ಕ್ರಮ, ಕ್ಯಾಲಿಬ್ರೇಶನ್ ವಿಧಾನ, ಬಿಡಿಭಾಗಗಳ ಪಟ್ಟಿ. ಟ್ರಿಗರ್ ಸರ್ಕ್ಯೂಟಿನ ವಿವರಣೆಯನ್ನು ನಕ್ಷೆಯ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಓದಿದ ಕಲಿಯುವವರಿಗೆ, ಮುಂದೆ ಬೇರೆ ಯಾವುದೇ ತಯಾರಕರ ಉಪಕರಣ ಎದುರಾದರೂ ಅದರ ನಕ್ಷೆ ಪರಕೀಯ ಎನಿಸುವುದಿಲ್ಲ. ನಕ್ಷೆಯನ್ನೇ ಕೊಡದೆ, ಬೋರ್ಡು ಬದಲಿಸುವುದೊಂದೇ ದಾರಿ ಎನ್ನುವ ಇಂದಿನ ಉಪಕರಣಗಳನ್ನು ದುರಸ್ತಿ ಮಾಡುವಾಗಲೂ ಈ ಮ್ಯಾನ್ಯುಯಲ್ ಕಲಿಸಿದ ಶಿಸ್ತೇ ಕೈಹಿಡಿಯುತ್ತದೆ: ಮೊದಲು ಸಪ್ಲೈಗಳು, ಆಮೇಲೆ ಸಿಗ್ನಲ್ ಎಲ್ಲಿಯವರೆಗೆ ಸರಿಯಾಗಿ ಬರುತ್ತಿದೆ ಎಂಬುದು, ಕೊನೆಗೆ ಬಿಡಿಭಾಗ.

ಅದೇ ಶಿಸ್ತನ್ನು 465ರ ಮೇಲೆಯೇ ಪ್ರಯೋಗಿಸಬೇಕಾದ ಸಂದರ್ಭ ಬಂದೇ ಬರುತ್ತದೆ, ಏಕೆಂದರೆ ಇಷ್ಟು ವಯಸ್ಸಾದ ಯಾವ ಎಲೆಕ್ಟ್ರಾನಿಕ್ ಉಪಕರಣವೂ ದುರಸ್ತಿಯಿಲ್ಲದೆ ನಡೆಯದು. ಆ ಕಾಲದ ಟ್ಯಾಂಟಲಮ್ ಕೆಪ್ಯಾಸಿಟರುಗಳು ಹಳತಾದಂತೆ ಶಾರ್ಟ್ ಆಗುವ ಸ್ವಭಾವದವು. ಒಂದು ಶಾರ್ಟ್ ಆದರೂ ಅದಿರುವ ಸಪ್ಲೈ ಕೆಳಗೆ ಬೀಳುತ್ತದೆ. ಮೈನಸ್ 8, ಪ್ಲಸ್ 5, 15, 55, 110 ವೋಲ್ಟ್‌ಗಳ ಸಪ್ಲೈಗಳನ್ನು ಅವುಗಳ ಪರೀಕ್ಷಾ ಬಿಂದುಗಳಲ್ಲಿ ಅಳೆದು, ಬಿದ್ದದ್ದು ಯಾವುದೆಂದು ತಿಳಿದ ಮೇಲೆ, ವಿದ್ಯುತ್ ಆರಿಸಿ ಆ ಸಪ್ಲೈನಿಂದ ನೆಲಕ್ಕೆ ಇರುವ ಪ್ರತಿರೋಧವನ್ನು ನೋಡಿದರೆ, ಕೆಲವೇ ಓಮ್‌ಗಳ ಓದು ಶಾರ್ಟನ್ನು ಹೇಳಿಬಿಡುತ್ತದೆ. ಅಲ್ಲಿಂದ ಮುಂದೆ ಒಂದೊಂದೇ ಕವಲನ್ನು ಬಿಡಿಸುತ್ತ ಹೋಗುವುದು ತಾಳ್ಮೆಯ ಕೆಲಸ.

ಸೂಕ್ಷ್ಮತೆ ಮತ್ತು ಕಾಲದ ಸ್ವಿಚ್‌ಗಳು ಈ ಉಪಕರಣದ ಅತ್ಯಂತ ಸುಂದರ ಭಾಗ. ಪ್ಲಾಸ್ಟಿಕ್ ಉರುಳೆಯೊಂದರ ಉಬ್ಬುಗಳು ತೆಳುವಾದ ಲೋಹದ ಬೆರಳುಗಳನ್ನು ಬೋರ್ಡಿನ ಚಿನ್ನದ ಲೇಪದ ಮೇಲೆ ಒತ್ತುತ್ತವೆ. ಕೊಳೆ ಕೂತಾಗ ಗೆರೆ ಜಿಗಿಯುತ್ತದೆ, ಕೆಲವು ಸ್ಥಾನಗಳಲ್ಲಿ ಕಾಣೆಯೂ ಆಗುತ್ತದೆ. ಉಜ್ಜುವ ಗುಣದ ಸ್ಪ್ರೇಗಳನ್ನು ಇಲ್ಲಿ ಬಳಸಬಾರದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಕಾಗದದ ಪಟ್ಟಿಯನ್ನು ಬೆರಳಿನ ಕೆಳಗೆ ತೂರಿಸಿ, ಸಂಪರ್ಕ ಮುಚ್ಚಿದ ಸ್ಥಿತಿಯಲ್ಲಿ ಮೆಲ್ಲನೆ ಎಳೆದರೆ ಕೊಳೆ ಕಾಗದಕ್ಕೆ ಬರುತ್ತದೆ. ಬೆರಳನ್ನು ಬಗ್ಗಿಸಿದರೆ ಮಾತ್ರ ಅದನ್ನು ಮತ್ತೆ ಮೊದಲಿನಂತೆ ಮಾಡುವುದು ಬಹಳ ಕಷ್ಟ. ಸಾಕೆಟ್ಟಿನಲ್ಲಿ ಕೂರಿಸಿದ ಟ್ರಾನ್ಸಿಸ್ಟರುಗಳಿರುವ ಕಡೆ, ವಿದ್ಯುತ್ ಆರಿಸಿ ಅವನ್ನು ತೆಗೆದು ಮತ್ತೆ ಕೂರಿಸುವುದರಿಂದಲೇ ಎಷ್ಟೋ ವಿಚಿತ್ರ ದೋಷಗಳು ಮಾಯವಾಗುತ್ತವೆ. ಪಿಕ್ಚರ್ ಟ್ಯೂಬಿನ ಸುತ್ತ ಸಾವಿರಾರು ವೋಲ್ಟ್ ಇರುತ್ತದೆಂಬುದನ್ನೂ, ಸ್ವಿಚ್ ಆರಿಸಿದ ಮೇಲೂ ಅದು ಉಳಿದಿರುತ್ತದೆಂಬುದನ್ನೂ ಮರೆಯಬಾರದು. ಹೆಚ್ಚು ವೋಲ್ಟೇಜಿನಲ್ಲಿ ಕೆಲಸ ಮಾಡಿ ಅಭ್ಯಾಸವಿಲ್ಲದವರು ಆ ಭಾಗವನ್ನು ಬಲ್ಲವರ ಜೊತೆಯಲ್ಲೇ ತೆರೆಯಬೇಕು.

ಹೊಸ ಡಿಜಿಟಲ್ ಆಸಿಲೋಸ್ಕೋಪುಗಳ ಮುಂದೆ 465 ಎಲ್ಲಿ ಸೋಲುತ್ತದೆ? ಒಮ್ಮೆ ಮಾತ್ರ ಬಂದು ಹೋಗುವ ಘಟನೆಯನ್ನು ಅದು ಹಿಡಿದಿಡಲಾರದು. ದೀಪ ಹೊತ್ತಿಕೊಳ್ಳುವ ಕ್ಷಣದ ಕರೆಂಟು, ಯಂತ್ರ ಆನ್ ಆಗುವಾಗ ರೀಸೆಟ್ ಗೆರೆ ನಡೆದುಕೊಳ್ಳುವ ರೀತಿ, ದಿನಕ್ಕೊಮ್ಮೆ ಬರುವ ಜಿಗಿತ, ಇವೆಲ್ಲ ಪರದೆಯ ಮೇಲೆ ಮಿಂಚಿ ಮರೆಯಾಗುತ್ತವೆ. ಮೈಕ್ರೊಪ್ರೊಸೆಸರ್ ಇರುವ ಉಪಕರಣಗಳಲ್ಲಿ ಬಿಡಿಭಾಗಗಳ ನಡುವೆ ಹರಿಯುವ ಸರಣಿ ದತ್ತಾಂಶವನ್ನು ಓದಿ ಹೇಳುವುದೂ ಇದರಿಂದಾಗದು. ಆ ಬಗೆಯ ಕೆಲಸವೇ ಹೆಚ್ಚಾಗಿ ಇರುವವರು ಡಿಜಿಟಲ್ ಕೊಳ್ಳುವುದೇ ಸರಿ, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಡಿಜಿಟಲ್ ಪರದೆ ತನ್ನದೇ ಭ್ರಮೆಗಳನ್ನೂ ಹುಟ್ಟಿಸುತ್ತದೆ. ಹತ್ತು ಲಕ್ಷ ಬಿಂದುಗಳ ಮೆಮೊರಿಯನ್ನು 10 ಸೆಕೆಂಡಿನ ಗೆರೆಗೆ ಹಂಚಿದರೆ ಸೆಕೆಂಡಿಗೆ ಸಿಗುವುದು ಒಂದು ಲಕ್ಷ ಬಿಂದುಗಳು ಮಾತ್ರ. ಆಗ 50 ಕಿಲೋಹರ್ಟ್ಸ್‌ಗಿಂತ ಮೇಲಿನ ಆಂದೋಲನ ನಿಧಾನದ ಸುಳ್ಳು ಅಲೆಯಾಗಿ ಕಾಣಬಹುದು. ಅನಲಾಗ್ ಪರದೆಯಲ್ಲಿ ಅದೇ ಆಂದೋಲನ ದಪ್ಪ ಪಟ್ಟಿಯಾಗಿ, ಏನೋ ಇದೆ ಎಂದು ಎಚ್ಚರಿಸುವ ರೂಪದಲ್ಲಿ ಕಾಣುತ್ತದೆ. ರೆಗ್ಯುಲೇಟರ್ ಒಂದು ಸದ್ದಿಲ್ಲದೆ ಮೆಗಾಹರ್ಟ್ಸ್‌ಗಳಲ್ಲಿ ಆಂದೋಲನಗೊಳ್ಳುತ್ತಿರುವಾಗ ಈ ದಪ್ಪಗಾದ ಗೆರೆಯೇ ಮೊದಲ ಸುಳಿವು.

ಕೊಳ್ಳುವ ಮನಸ್ಸು ಮಾಡಿದವರು ಉಪಕರಣವನ್ನು ಆನ್ ಮಾಡಿಯೇ ನೋಡಬೇಕು, ಮತ್ತು ಬಿಸಿಯಾಗುವವರೆಗೆ ಕಾಯಬೇಕು. ಪರದೆಯಲ್ಲಿ ಓದಲು ಆಗುವ ಸೂಕ್ಷ್ಮತೆಯ ಸ್ಥಾನಗಳಲ್ಲೆಲ್ಲ ಕ್ಯಾಲಿಬ್ರೇಟರ್ ತರಂಗ ಸರಿಯಾದ ಎತ್ತರದಲ್ಲಿ ಬರುತ್ತದೆಯೇ, ಎರಡೂ ಸ್ವೀಪ್‌ಗಳು ಓಡುತ್ತವೆಯೇ, ಟ್ರಿಗರ್ ಸಣ್ಣ ಸಿಗ್ನಲಿಗೂ ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಕ್ರಮಸಂಖ್ಯೆಯನ್ನು ಬರೆದುಕೊಂಡು ಅದಕ್ಕೆ ಹೊಂದುವ ಮ್ಯಾನ್ಯುಯಲನ್ನೇ ಪಡೆಯಬೇಕು, ಏಕೆಂದರೆ ತಯಾರಿಕೆಯ ವರ್ಷಗಳಲ್ಲಿ ಸರ್ಕ್ಯೂಟಿನಲ್ಲಿ ಬದಲಾವಣೆಗಳಾಗಿವೆ. ನಂತರ ಬಂದ 465ಬಿ ಮಾದರಿಯದು ಬೇರೆಯೇ ಮ್ಯಾನ್ಯುಯಲ್. ಸ್ವಿಚ್ಚಿನ ಕೊಳೆ, ಬಿದ್ದ ಸಪ್ಲೈ, ಸರಿದ ಕ್ಯಾಲಿಬ್ರೇಶನ್ ಇವಾವುದೂ ಹಿಂಜರಿಯಲು ಕಾರಣವಲ್ಲ. ಹಿಂಜರಿಯಬೇಕಾದದ್ದು ಎರಡು ಕಡೆ ಮಾತ್ರ: ಟೆಕ್ಟ್ರಾನಿಕ್ಸ್ ತಾನೇ ತಯಾರಿಸಿಕೊಂಡ ಐಸಿಗಳು ಸತ್ತಿದ್ದರೆ ಬದಲಿ ಸಿಗುವುದು ಇನ್ನೊಂದು ಕೆಟ್ಟ 465ರಿಂದಲೇ, ಮತ್ತು ಹೊಳಪಿನ ಗುಂಡಿಯನ್ನು ಪೂರ್ತಿ ತಿರುಗಿಸಿದರೂ ವೇಗದ ಸ್ವೀಪಿನಲ್ಲಿ ಗೆರೆ ಮಂಕಾಗಿಯೇ ಇದ್ದು, ಹೆಚ್ಚು ವೋಲ್ಟೇಜು ಸರಿಯಿದೆ ಎಂದು ಖಚಿತವಾಗಿದ್ದರೆ, ಟ್ಯೂಬಿನ ಆಯಸ್ಸು ಮುಗಿದಿದೆ. ಅಂಥದ್ದನ್ನು ಬಿಡಿಭಾಗಗಳಿಗಾಗಿ ಕೊಳ್ಳಬಹುದೇ ಹೊರತು ಮೇಜಿನ ಮೇಲಿಟ್ಟು ಬಳಸಲು ಕೊಳ್ಳಬಾರದು.